ಬೋರ್ಡಿನ ಮೇಲೆ ಊರು, ಒಲೆಯ ಮುಂದೆ ಯಾರು?

ಫೋರ್ಟಿನ ಲಂಚ್ ಹೋಮಿನಲ್ಲಿ ಬಂಗುಡೆ ಗಸಿ ಉಂಡು, ದಾದರಿನಲ್ಲಿಳಿದು ಮಾಲ್ವಣಿ ತಿಸ್ರ್ಯಾ ಚಿಪ್ಪುಮೀನು ತಿಂದು, ಬಾಂದ್ರಾ ಪೂರ್ವದ ಗಾಂಧಿನಗರದಲ್ಲಿ ಗೋಮಂತಕ ಥಾಲಿ ಮುಗಿಸಿ, ಸಂಜೆಗೆ ವರ್ಸೋವಾದ ಕಡೆ ಹೋಗಿ ಕೋಳಿ ಮೀನುಗಾರರ ಮನೆಯ ಬೊಂಬಿಲ್ ಹುಡುಕುವುದು ಮುಂಬಯಿಯ ಮೀನುಪ್ರಿಯರ ಒಂದು ತೀರ್ಥಯಾತ್ರೆ. ಲೋಕಲ್ ರೈಲಿನ ಪಾಸು, ಗಟ್ಟಿ ಹೊಟ್ಟೆ, ವಾದದಲ್ಲಿ ಸೋಲೊಪ್ಪದ ಇಬ್ಬರು ಗೆಳೆಯರು ಇದ್ದರೆ ಒಂದು ಬುಧವಾರದ ರಜೆ ಸಾಕು. (ಸೋಮವಾರ, ಗುರುವಾರ, ಶನಿವಾರ ಯಾರಿಗಾದರೂ ಒಬ್ಬರಿಗೆ ವ್ರತ ಇದ್ದೇ ಇರುತ್ತದೆ.) ಯಾತ್ರೆಯ ಕೊನೆಗೆ ತೀರ್ಪು ಬೀಳಲೇಬೇಕು. ಮಂಗಳೂರಿನದಕ್ಕೆ ಸಮ ಇಲ್ಲ ಮಾರಾಯ ಅಂತ ಒಬ್ಬ, ಮಾಲ್ವಣಿಯ ಮುಂದೆ ನಿಮ್ಮದೆಲ್ಲ ಬರೀ ಖಾರ ಅಂತ ಇನ್ನೊಬ್ಬ.

ಈ ಪಂದ್ಯ ಊರು ಊರುಗಳ ನಡುವಿನದು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಮಂಗಳೂರು, ಮಾಲ್ವಣ, ಗೋವಾ ಎಂದು ಬೋರ್ಡಿನಲ್ಲಿ ಬರೆದಿದೆ, ಆದ್ದರಿಂದ ಆ ನೆಲ, ಆ ನೀರು ತಟ್ಟೆಗೆ ಬಂದಿದೆ ಎಂಬ ನಂಬಿಕೆ. ನನಗೆ ಬೇರೆಯೇ ಅನ್ನಿಸುತ್ತದೆ. ಬೋರ್ಡಿನ ಮೇಲಿನ ಊರು ರುಚಿಯ ಬಗ್ಗೆ ಹೇಳುವುದು ಸ್ವಲ್ಪ, ಆ ರುಚಿಯನ್ನು ಕಟ್ಟಿದವರ ಬಗ್ಗೆ ಮರೆಸುವುದು ಬಹಳ. ಆ ಹೆಸರುಗಳು ಹುಟ್ಟಿದ್ದೂ ಊರಿನಲ್ಲಲ್ಲ, ಊರು ಬಿಟ್ಟು ಬಂದವರು ಒಬ್ಬರ ಪಕ್ಕ ಒಬ್ಬರು ಅಂಗಡಿ ತೆರೆದ ಇಂಥ ಶಹರಗಳಲ್ಲಿ.

ಅಮೆರಿಕದವರು ತಮ್ಮ ಬಾರ್ಬೆಕ್ಯೂವಿನ ವಿಷಯದಲ್ಲಿ ಇದೇ ಯಾತ್ರೆಯನ್ನು ಕಾರಿನಲ್ಲಿ ಮಾಡುತ್ತಾರೆ. ಉತ್ತರ ಕೆರೊಲಿನಾದ ಪೂರ್ವಭಾಗದಲ್ಲಿ ಇಡೀ ಹಂದಿ, ವಿನೆಗರ್, ಮೆಣಸಿನ ಚೂರು. ಅದೇ ರಾಜ್ಯದ ಲೆಕ್ಸಿಂಗ್ಟನ್ನಿಗೆ ಬಂದರೆ ಹಂದಿಯ ಭುಜ ಮಾತ್ರ, ಸಾಸಿಗೆ ಟೊಮೆಟೊ. ದಕ್ಷಿಣ ಕೆರೊಲಿನಾದಲ್ಲಿ ಸಾಸಿವೆ. ಟೆಕ್ಸಸ್‌ನ ನಡುಭಾಗದಲ್ಲಿ ದನದ ಎದೆಭಾಗದ ಮಾಂಸ, ಉಪ್ಪು, ಕಾಳುಮೆಣಸು, ಓಕ್ ಮರದ ಹೊಗೆ. ಕಾನ್ಸಸ್ ಸಿಟಿಯಲ್ಲಿ ದಪ್ಪನೆಯ ಸಿಹಿ ಸಾಸು. ಸೀಮೆಗೊಂದು ಶೈಲಿ, ನಕ್ಷೆ ಬರೆದು ಗೋಡೆಗೆ ತೂಗುಹಾಕಬಹುದು. ಆದರೆ ಕಾನ್ಸಸ್ ಸಿಟಿಯ ಬಾರ್ಬೆಕ್ಯೂವಿಗೆ ಮೂಲಪುರುಷ ಎನ್ನಿಸಿಕೊಂಡ ಹೆನ್ರಿ ಪೆರಿ ಆ ಊರಿನವನೇ ಅಲ್ಲ. ಮೆಂಫಿಸ್ ಬಳಿ, ಶೆಲ್ಬಿ ಕೌಂಟಿಯಲ್ಲಿ ಹುಟ್ಟಿದ ಕಪ್ಪು ಮನುಷ್ಯ, 1907ರಲ್ಲಿ ಕಾನ್ಸಸ್ ಸಿಟಿಗೆ ಬಂದ; ಗಲ್ಲಿಯೊಂದರಲ್ಲಿ ನಿಂತು ಮಾಂಸವನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ ಮಾರಿದ. ಅವನ ಸಾಸು ಗಂಟಲು ಉರಿಸುವಷ್ಟು ಖಾರ. ಇವತ್ತು ಆ ಊರಿನ ಗುರುತಾಗಿರುವ ಸಿಹಿ ಸಾಸನ್ನು ಜಗತ್ತಿಗೆ ಹಂಚಿದ್ದು 1970ರ ದಶಕದ ಕೊನೆಯಲ್ಲಿ ರಿಚ್ ಡೇವಿಸ್ ಎಂಬ ಮಕ್ಕಳ ಮನೋವೈದ್ಯರು ಶುರುಮಾಡಿದ ಬಾಟಲಿ. ಟೆಕ್ಸಸ್‌ನದು ಜರ್ಮನ್ ಮತ್ತು ಚೆಕ್ ವಲಸಿಗ ಕಟುಕರ ಅಂಗಡಿಗಳಲ್ಲಿ ಬೆಳೆದದ್ದು. ಇನ್ನು ವರ್ಜೀನಿಯಾ, ಕೆರೊಲಿನಾಗಳ ತೋಟಗಳಲ್ಲಿ ರಾತ್ರಿಯಿಡೀ ಗುಂಡಿಯ ಕೆಂಡ ಕಾಯುತ್ತ ಇಡೀ ಹಂದಿ ಬೇಯಿಸಿದವರು ಗುಲಾಮರಾಗಿದ್ದ ಕಪ್ಪು ಜನ. ನಕ್ಷೆಯಲ್ಲಿ ರಾಜ್ಯದ ಹೆಸರು ಉಳಿಯಿತು, ರಾತ್ರಿ ನಿದ್ದೆಗೆಟ್ಟವರ ಹೆಸರು ಉಳಿಯಲಿಲ್ಲ.

ನಮ್ಮ ಕರಾವಳಿಗೆ ಬರೋಣ. ಕುರ್ಲಾದಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಪನ್ವೇಲ್ ದಾಟಿ ರತ್ನಾಗಿರಿ, ಮಡಗಾಂವ್, ಕಾರವಾರ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿ ಎಂದು ಮರುದಿನ ಬೆಳಿಗ್ಗೆ ಮಂಗಳೂರು ಮುಟ್ಟುತ್ತದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದಾಗಿನಿಂದ ಈ ದಾರಿ ಒಂದು ರಾತ್ರಿಯ ಮಾತು. ಪ್ರತಿ ಸ್ಟೇಷನ್ನಿನಲ್ಲಿ ಇಳಿದು ಮೀನಿನ ಸಾರು ಉಂಡು ಮತ್ತೆ ಹತ್ತುವ ವ್ಯವಧಾನ ಇದ್ದವರಿಗೆ ಒಂದು ಸಂಗತಿ ತಿಳಿದೀತು: ಎಲ್ಲಿಯೂ ಗಡಿ ಕಾಣುವುದಿಲ್ಲ. ತಿರ್ಫಳ ಹಾಕಿದ ಬಂಗುಡೆ ಮಾಲ್ವಣದ ಗುರುತು ಎನ್ನುತ್ತೇವೆ. ಅದೇ ಕಾಯನ್ನು ತೆಪ್ಪಾಲ್ ಎಂದು ಕರೆದು ಕಾರವಾರದ, ಕುಮಟೆಯ, ಉಡುಪಿಯವರೆಗಿನ ಕೊಂಕಣಿ ಮನೆಗಳು ಅದೇ ಬಂಗುಡೆಗೆ ಹಾಕುತ್ತವೆ. ಅದೇ ಉಡುಪಿಯಲ್ಲಿ, ಒಂದು ಗದ್ದೆ ಆಚೆಗಿನ ಬಂಟರ ಮನೆಯಲ್ಲಿ ಅದರ ಸುದ್ದಿಯೇ ಇಲ್ಲ. ಅಂದರೆ ಗೆರೆ ಇರುವುದು ಉಡುಪಿಗೂ ಮಾಲ್ವಣಕ್ಕೂ ನಡುವೆ ಅಲ್ಲ, ಉಡುಪಿಯ ಎರಡು ಅಡುಗೆಮನೆಗಳ ನಡುವೆ.

ಹುಳಿಯ ಕತೆಯೂ ಹೀಗೆಯೇ. ಮಾಲ್ವಣಿ, ಗೋಮಂತಕ ಅಡುಗೆಗೆ ಕೋಕಂ, ಮಂಗಳೂರಿನದಕ್ಕೆ ಹುಣಸೆ ಎಂದು ಪಾಠ ಒಪ್ಪಿಸುತ್ತೇವೆ. ನೆಲವೇ ಶೈಲಿಯನ್ನು ತೀರ್ಮಾನಿಸುವುದಾಗಿದ್ದರೆ ಇದು ಹೀಗಾಗಬಾರದಿತ್ತು. ಕೋಕಂ ನಮ್ಮ ಪುನರ್ಪುಳಿ, ಉತ್ತರ ಕನ್ನಡದ ಮುರುಗಲು. ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಧಾರಾಳವಾಗಿ ಬೆಳೆಯುತ್ತದೆ, ಶರಬತ್ತಾಗುತ್ತದೆ, ಊಟದ ಕೊನೆಗೆ ಸಾರಾಗುತ್ತದೆ, ಮೀನಿನ ಪಾತ್ರೆಗೆ ಬೀಳುವುದು ಅಪರೂಪ. ಮೀನಿಗೆ ಬೇಕಾದ ಹುಣಸೆಯ ಬಹುಪಾಲು ಘಟ್ಟದ ಮೇಲಿನ ಬಯಲುಸೀಮೆಯಿಂದ ಇಳಿಯುತ್ತದೆ. ಗಸಿಗೆ ಕೆಂಪು ಕೊಡುವ ಮೆಣಸು ಹಾವೇರಿ ಸೀಮೆಯ ಬ್ಯಾಡಗಿ. ಮಾಲ್ವಣಿ ಮಸಾಲೆಗೆ ಬೀಳುವ ಮೆಣಸಿನಲ್ಲಿ ಒಂದು ಸಂಕೇಶ್ವರಿ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರು ಹೊತ್ತದ್ದು. ಮೆಣಸಿನ ಜಾತಿಯೇ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಎಂಬುದನ್ನು ಬಿಡಿ. ಕಡಲತೀರದ ಅಪ್ಪಟ ರುಚಿ ಎಂದು ನಾವು ಕರೆಯುವುದರ ಬಣ್ಣ, ಹುಳಿ, ಖಾರ ಮೂರೂ ಘಟ್ಟ ಇಳಿದು ಬಂದವು.

ಇದನ್ನು ಕಣ್ಣಾರೆ ನೋಡಬೇಕಾದರೆ ಏಪ್ರಿಲ್, ಮೇ ತಿಂಗಳಲ್ಲಿ ಲಾಲ್‌ಬಾಗಿನ ಮಸಾಲೆ ಗಲ್ಲಿಗೆ ಹೋಗಬೇಕು, ಕರ್ಚೀಫು ಮೂಗಿಗೆ ಕಟ್ಟಿಕೊಂಡು. ಬ್ಯಾಡಗಿ, ಸಂಕೇಶ್ವರಿ, ಕಾಶ್ಮೀರಿ ಮೆಣಸಿನ ಮೂಟೆಗಳು ಬಾಯಿ ತೆರೆದು ಕೂತಿರುತ್ತವೆ. ಪಕ್ಕದಲ್ಲಿ ಕೊತ್ತಂಬರಿ, ಕಲ್ಲುಹೂ, ಜಾಪತ್ರೆ, ನಾಗಕೇಸರ. ಮಳೆಗಾಲಕ್ಕೆ ಮುಂಚೆ ವರ್ಷದ ಮಸಾಲೆ ಕುಟ್ಟಿಸಿ ಒಯ್ಯಲು ಬಂದ ಹೆಂಗಸರು, ಸಿಂಧುದುರ್ಗದವರು, ಕೋಳಿಗಳು, ಆಗ್ರಿಗಳು, ಸಾತಾರದ ಕಡೆಯವರು, ಒಂದೇ ಅಂಗಡಿಯ ಮುಂದೆ, ಒಂದೇ ಮೂಟೆಯಿಂದ ತೂಗಿಸಿಕೊಳ್ಳುತ್ತಾರೆ. ವ್ಯತ್ಯಾಸ ಇರುವುದು ಅವರ ಕೈಯಲ್ಲಿರುವ ಚೀಟಿಯಲ್ಲಿ: ಯಾವ ಮೆಣಸು ಎಷ್ಟು ಪಾವು, ಯಾವುದನ್ನು ಎಣ್ಣೆಯಲ್ಲಿ ಹುರಿಯಬೇಕು, ಯಾವುದನ್ನು ಬರೀ ಬಿಸಿಲಿಗೆ ಒಣಗಿಸಿದರೆ ಸಾಕು. ಆ ಚೀಟಿ ಅತ್ತೆಯಿಂದ ಬಂದಿರುತ್ತದೆ, ಇಲ್ಲವೇ ತಾಯಿಯಿಂದ. ಶೈಲಿ ಎಂಬುದು ಎಲ್ಲಾದರೂ ಬರೆದಿಟ್ಟಿದ್ದರೆ ಅದು ಆ ಚೀಟಿಗಳಲ್ಲಿ.

ಈಗ ಹೆಸರಿನ ಪ್ರಶ್ನೆ. ಮುಂಬಯಿಯ ಹಳೆಯ ಕ್ರೈಸ್ತರಾದ ಈಸ್ಟ್ ಇಂಡಿಯನ್ನರ ಉದಾಹರಣೆ ಇಲ್ಲಿ ಬಹಳ ಬೋಧಪ್ರದ. ವಸಯಿ, ಬಾಂದ್ರಾ, ಗೊರಾಯಿಗಳಲ್ಲಿ ಶತಮಾನಗಳಿಂದ ಇದ್ದ ಈ ಮರಾಠಿ ಮಾತಿನ ಸಮುದಾಯ ತನಗೆ ಈ ಹೆಸರಿಟ್ಟುಕೊಂಡದ್ದು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ. ಗೋವಾದಿಂದ, ಮಂಗಳೂರಿನಿಂದ ಬಂದ ಕ್ರೈಸ್ತರು ಅದೇ ಕಚೇರಿ, ಅದೇ ಕೆಲಸಗಳಿಗೆ ಪೈಪೋಟಿಗೆ ನಿಂತಾಗ, ನಾವು ಅವರಲ್ಲ ಎಂದು ಹೇಳಿಕೊಳ್ಳುವ ಅಗತ್ಯ ಬಿತ್ತು. ಪಕ್ಕದಲ್ಲಿ ಇನ್ನೊಬ್ಬ ಬಂದು ಕೂರುವವರೆಗೆ ಯಾರಿಗೂ ಹೆಸರು ಬೇಕಿರಲಿಲ್ಲ. ಇಂದು ಅವರ ಬಾಟಲ್ ಮಸಾಲೆ, ಬೇಸಿಗೆಯಲ್ಲಿ ಕುಟ್ಟಿ ಬಿಯರ್ ಬಾಟಲಿಗಳಲ್ಲಿ ಬಿಗಿದು ತುಂಬಿಡುವ ಪುಡಿ, ಒಂದು ವಿಶಿಷ್ಟ ಶೈಲಿ ಎಂದು ಹೊಗಳಿಸಿಕೊಳ್ಳುತ್ತದೆ. ಮೊದಲು ಅದು ಸುಮ್ಮನೆ ಮನೆಯ ಮಸಾಲೆ ಆಗಿತ್ತು.

ಮಂಗಳೂರಿನ ಅಡುಗೆಯೂ ಹಾಗೆಯೇ ಒಂದಾದದ್ದು ಎಂದು ನನ್ನ ವಾದ. ಮಂಗಳೂರಿನಲ್ಲೇ ಇದ್ದವರಿಗೆ ಮಂಗಳೂರು ಶೈಲಿ ಎಂಬುದೊಂದು ಇರಲಿಲ್ಲ. ಬಂಟರ ಮನೆಯ ಕೋರಿ ರೊಟ್ಟಿ ಇತ್ತು. ಮೊಗವೀರರ ಮನೆಯ, ತೆಂಗಿನಕಾಯಿಗೆ ಕೈಹಾಕದ ಪುಳಿಮುಂಚಿ ಇತ್ತು. ಕ್ರೈಸ್ತರ ಬಫಾತ್ ಪುಡಿ, ಬ್ಯಾರಿಗಳ ಬಿರಿಯಾನಿ, ಗೌಡ ಸಾರಸ್ವತರ ಆಂಬಟ್ ಇದ್ದವು. ಒಬ್ಬರ ಮನೆಯ ಸಾರು ಇನ್ನೊಬ್ಬರಿಗೆ ಅಪರಿಚಿತ, ಎಷ್ಟೋ ಕಡೆ ನಿಷಿದ್ಧ. ಇವೆಲ್ಲವೂ ಮಂಗಳೂರಿನದು ಎಂಬ ಒಂದೇ ಹೆಸರಿಗೆ ಬಂದದ್ದು ಫೋರ್ಟಿನ ಕಚೇರಿಗಳ ಮಧ್ಯಾಹ್ನದ ಊಟಕ್ಕೆ, ಗುಜರಾತಿ ಮ್ಯಾನೇಜರನಿಗೂ ಪಾರ್ಸಿ ವಕೀಲನಿಗೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕಾದಾಗ. ಮಹೇಶ್ ಲಂಚ್ ಹೋಮ್, ಅಪೂರ್ವ, ಕಾಲಾ ಘೋಡಾದ ತ್ರಿಷ್ಣಾ ಮುಂತಾದವು ಆ ಹೆಸರಿಗೆ ಮರ್ಯಾದೆ ತಂದವು. ಸಸ್ಯಾಹಾರದಲ್ಲಿ ಈ ಕೆಲಸ ಮೊದಲೇ ಆಗಿಹೋಗಿತ್ತು. 1942ರಲ್ಲಿ ಮಾಟುಂಗಾ ಸ್ಟೇಷನ್ ಪಕ್ಕ ಎ. ರಾಮ ನಾಯಕರು ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಹೊತ್ತಿಗೆ ಉಡುಪಿ ಎಂಬ ಹೆಸರೇ ಅರ್ಧ ಬಂಡವಾಳ.

ಮಾಲ್ವಣಿಯ ಹಿಂದೆ ಇನ್ನೂ ಗಾಢವಾದ ಕತೆ ಇದೆ. ಪರಳ, ಲಾಲ್‌ಬಾಗ್, ಲೋವರ್ ಪರಳಗಳ ಗಿರಣಿಗಳಿಗೆ ಕೊಂಕಣದಿಂದ ಬಂದ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಒಂದು ಖೋಲಿಯಲ್ಲಿ ಹತ್ತಾರು ಮಂದಿ ಪಾಳಿಯ ಮೇಲೆ ಮಲಗುತ್ತಿದ್ದರು. ಅವರಿಗೆ ಅನ್ನ ಹಾಕಿದ್ದು ಚಾಳುಗಳ ಖಾನಾವಳಿಗಳು, ಅವನ್ನು ನಡೆಸಿದ್ದು ಹೆಚ್ಚಾಗಿ ಹೆಂಗಸರು: ವಿಧವೆಯರು, ಗಂಡನ ಪಗಾರ ಸಾಲದವರು. ತಿಂಗಳಿಗೆ ಇಷ್ಟು ಎಂದು ಲೆಕ್ಕ, ಉದ್ರಿ ಪುಸ್ತಕ, ಕಿರಾಣಿ ಅಂಗಡಿಯ ಸಾಲ, ಅದಕ್ಕೆ ಮೀಟರ್ ಬಡ್ಡಿ. ಗೋವಾ ವಿಮೋಚನೆಯಲ್ಲಿ ಹೋರಾಡಿದ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಈ ಹೆಂಗಸರಿಗೆ ಬ್ಯಾಂಕಿನ ಸಾಲ ಸಿಗಲಿ ಎಂದು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಮುಷ್ಕರ ಸೋತಿತು, ಉಣ್ಣುವವರು ಊರಿಗೆ ಮರಳಿದರು. ಖಾನಾವಳಿಯ ಸಾರು ತಣ್ಣಗಾದ ಮೇಲೆ, ಮುಂದಿನ ವರ್ಷಗಳಲ್ಲಿ, ಮಾಲ್ವಣಿ ಎಂಬ ಬೋರ್ಡು ಮಧ್ಯಮ ವರ್ಗದ ಹೋಟೆಲುಗಳ ಮೇಲೆ ಹೊಳೆಯತೊಡಗಿತು. ಬೋರ್ಡಿನಲ್ಲಿ ಜಿಲ್ಲೆ ಇದೆ, ಕಡಲು ಇದೆ, ದೋಣಿಯ ಚಿತ್ರ ಇದೆ. ಖಾನಾವಳಿ ನಡೆಸಿದ ಹೆಂಗಸಿನ ಸುಳಿವಿಲ್ಲ. ಬೋರ್ಡು ಮಾಲ್ವಣಿಯದು, ಗಲ್ಲಾದಲ್ಲಿ ಕೇಳುವುದು ತುಳು ಎಂಬ ಹೋಟೆಲುಗಳೂ ಇವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂಥ ಹೋಟೆಲಿನಲ್ಲಿ ಕೂತು ಮಂಗಳೂರು ದೊಡ್ಡದೋ ಮಾಲ್ವಣ ದೊಡ್ಡದೋ ಎಂದು ಜಗಳಾಡುವವರನ್ನು ಕಂಡರೆ ನಗು ಬರುತ್ತದೆ.

ನನ್ನ ವಾದಕ್ಕೆ ಒಂದು ಗಟ್ಟಿ ಎದುರುವಾದ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಊರಿನ ಹೆಸರು ಮುಚ್ಚಿದ್ದರಲ್ಲಿ ಮುಚ್ಚಬೇಕಾದದ್ದೂ ಇತ್ತು. ಊರಿನಲ್ಲಿ ಅಡುಗೆಗೆ ಜಾತಿ ಇತ್ತು. ಯಾರ ಕೈಯ ಅನ್ನ, ಯಾರ ಪಂಕ್ತಿ, ಯಾರು ಹೊರಗೆ ಎಂಬ ಲೆಕ್ಕ ಇತ್ತು. ಮುಂಬಯಿಯಲ್ಲಿ ತೆರೆದದ್ದನ್ನು ಬಂಟರ ಹೋಟೆಲು, ಬಿಲ್ಲವರ ಹೋಟೆಲು ಎಂದು ಕರೆಯದೆ ಮಂಗಳೂರಿನ ಹೋಟೆಲು ಎಂದು ಕರೆದದ್ದರಿಂದಲೇ ಗುಮಾಸ್ತ, ಹಮಾಲ, ವಕೀಲ ಒಂದೇ ಟೇಬಲಿಗೆ ಮೊಣಕೈ ಊರಿ ಉಂಡರು. ತಟ್ಟೆ ತೊಳೆಯಲು ಬಂದ ಹುಡುಗ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಗಲ್ಲಾಕ್ಕೆ ಬಂದ. ಅವನ ಜಾತಿ ಕೇಳಿಕೊಂಡು ಗಿರಾಕಿ ಒಳಬರಲಿಲ್ಲ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ ಹೀಗೆ ಸಮುದಾಯಗಳು ಈ ಶಹರದಲ್ಲಿ ತಮ್ಮ ತಮ್ಮ ಹೆಸರಿನಲ್ಲೇ ಸಂಸ್ಥೆ ಕಟ್ಟಿದವು. ಊಟದ ಮೇಜಿನ ಮೇಲೆ ಮಾತ್ರ ಆ ಹೆಸರುಗಳನ್ನು ಇಡಲಿಲ್ಲ. ಇದು ಸಣ್ಣ ಸಾಧನೆಯಲ್ಲ. ಜಾತಿಯ ಅಡುಗೆ ಊರಿನ ಅಡುಗೆ ಆದದ್ದನ್ನು ನಾನು ಸ್ವಾಗತಿಸುತ್ತೇನೆ.

ಆದರೂ ನನ್ನ ಮಾತನ್ನು ಹಿಂತೆಗೆದುಕೊಳ್ಳಲಾರೆ. ಜಾತಿ ಕೇಳದಿರುವುದು ಒಂದು, ದುಡಿದವರನ್ನು ಮರೆಯುವುದು ಇನ್ನೊಂದು. ಮೊದಲನೆಯದಕ್ಕೆ ಎರಡನೆಯದು ಬೆಲೆಯಾಗಿ ತೆರಬೇಕು ಎಂದೇನೂ ಇಲ್ಲ. ಮರೆವಿನ ಫಲ ಮೆನುವಿನಲ್ಲಿ ನೇರವಾಗಿ ಕಾಣುತ್ತದೆ. ಶೈಲಿ ಯಾವುದೇ ಇರಲಿ, ಎಲ್ಲ ಹೋಟೆಲುಗಳಲ್ಲೂ ಸಿಗುವುದು ಪಾಂಫ್ರೆಟ್, ಸುರ್ಮಾಯಿ, ಸಿಗಡಿ, ಏಡಿ. ಹೋಟೆಲಿಗೆ ಪರ್ಮಿಟ್ ರೂಮ್ ಕೂಡಿಕೊಂಡ ಮೇಲೆ ಗಸಿಗಿಂತ ಫ್ರೈ ಮುಂದಾಯಿತು. ಬಿಯರಿನ ಜೊತೆ ಕುಚ್ಚಲಕ್ಕಿ ಗಂಜಿ ಯಾರು ಉಣ್ಣುತ್ತಾರೆ? ತ್ರಿಷ್ಣಾದಿಂದ ಹೆಸರಾದ ಬಟರ್ ಗಾರ್ಲಿಕ್ ಏಡಿ ಕರಾವಳಿಯ ಯಾವ ಮನೆಯದೂ ಅಲ್ಲ, ಈ ಶಹರದ್ದು, ರುಚಿಯಾಗಿಯೇ ಇದೆ. ಬೂತಾಯಿ ಮಾತ್ರ ಕೆಳಗಿಳಿಯಿತು. ಕರಾವಳಿಯ ಬಡವರ ಹೊಟ್ಟೆ ತುಂಬಿದ, ಎಣ್ಣೆ ಜಿನುಗುವ, ಮುಳ್ಳು ತುಂಬಿದ ಆ ಮೀನಿಗೆ ಕಾರ್ಡಿನಲ್ಲಿ ಜಾಗ ಸಿಗುವುದು ದೊಡ್ಡ ಹೋಟೆಲುಗಳಲ್ಲಿ ಅಪರೂಪ. ಅಮೆರಿಕದಲ್ಲೂ ಇಂಥದೇ ಆಯಿತು, ಆದರೆ ತಿರುವುಮುರುವಾಗಿ. ಹೆನ್ರಿ ಪೆರಿಯ ಪರಂಪರೆಯ ಆರ್ಥರ್ ಬ್ರಯಂಟ್ ಹೋಟೆಲಿನಲ್ಲಿ ಮಾಂಸದ ಕರಕಲು ಅಂಚುಗಳನ್ನು ಗಿರಾಕಿಗಳಿಗೆ ಪುಕ್ಕಟೆ ಕೊಡುತ್ತಿದ್ದರು. 1972ರಲ್ಲಿ ಕ್ಯಾಲ್ವಿನ್ ಟ್ರಿಲಿನ್ ಎಂಬ ಲೇಖಕ ಅದನ್ನು ಬಾಯಿ ತುಂಬ ಹೊಗಳಿ ಬರೆದರು. ಈಗ ಆ ಚೂರುಗಳಿಗೆ ಮೆನುವಿನಲ್ಲಿ ತಮ್ಮದೇ ಸಾಲು, ತಮ್ಮದೇ ದರ. ಬಡವರ ತುಂಡು ಮೇಲೇರಿದರೆ ಬಡವರ ಕೈಗೆ ಎಟಕುವುದಿಲ್ಲ, ಕೆಳಗೆ ಬಿದ್ದರೆ ಕಾಣುವುದೇ ಇಲ್ಲ.

ಹಾಗಾದರೆ ಹೋಲಿಸಬಾರದೇ? ಧಾರಾಳವಾಗಿ ಹೋಲಿಸಬೇಕು, ಪ್ರಶ್ನೆ ಬದಲಿಸಬೇಕು ಅಷ್ಟೆ. ಯಾವ ಊರಿನದು ಎಂದು ಕೇಳುವ ಬದಲು ಕಾಯಿಯನ್ನು ಹಸಿಯಾಗಿ ಅರೆದರೋ ಹುರಿದು ಅರೆದರೋ ಎಂದು ಕೇಳಿ. ಈರುಳ್ಳಿಯೊಡನೆ ಕಪ್ಪಗೆ ಹುರಿದ ಕಾಯಿ ಮಾಲ್ವಣಿ ಸಾರಿಗೆ ಕೊಡುವ ಭಾರವನ್ನು ಗಸಿಯ ನುಣುಪಿನ ಪಕ್ಕ ಇಟ್ಟರೆ ಎರಡು ಊರುಗಳಿಗಿಂತ ಎರಡು ಕೆಲಸಗಳು ಎದುರಾಗುತ್ತವೆ. ಕೋಳಿಗಳ ಸಾರಿನಲ್ಲಿ ಕಾಯಿ ಯಾಕೆ ಕಡಿಮೆ, ಜಜ್ಜಿದ ಬೆಳ್ಳುಳ್ಳಿ ಯಾಕೆ ಜಾಸ್ತಿ ಎಂದು ಕೇಳಿ. ಸಸೂನ್ ಡಾಕಿನಲ್ಲೋ ಭಾವುಚಾ ಧಕ್ಕಾದಲ್ಲೋ ನಸುಕಿಗೇ ಹರಾಜಿಗೆ ನಿಂತು, ಬುಟ್ಟಿ ಹೊತ್ತು ಬಜಾರಿನಲ್ಲಿ ಕೂತು, ಮಧ್ಯಾಹ್ನ ಮನೆಗೆ ಬಂದವಳಿಗೆ ಕಾಯಿ ತುರಿದು ಅರೆಯಲು ಹೊತ್ತೆಲ್ಲಿ? ಇದು ನನ್ನ ಊಹೆ, ಆದರೆ ಮಣ್ಣಿನ ಗುಣ ಎನ್ನುವುದಕ್ಕಿಂತ ಈ ಊಹೆ ನನಗೆ ಹೆಚ್ಚು ಒಪ್ಪಿಗೆ. ಬೊಂಬಿಲನ್ನೇ ನೋಡಿ. ಮೈ ತುಂಬ ನೀರಿರುವ ಆ ಮೀನು ಹಸಿಯಾಗಿ ದೂರ ಪ್ರಯಾಣ ಮಾಡಲಾರದು. ಹಿಡಿದಲ್ಲೇ ತಿನ್ನಬೇಕು, ಇಲ್ಲವೇ ವರ್ಸೋವಾ, ಗೊರಾಯಿಗಳ ತೀರದಲ್ಲಿ ಬಿದಿರಿನ ಚೌಕಟ್ಟಿಗೆ ಜೋಡಿ ಜೋಡಿಯಾಗಿ ನೇತುಹಾಕಿ ಒಣಗಿಸಬೇಕು. ಫ್ರೈ ಮಾಡುವ ಮುಂಚೆ ಅದನ್ನು ಸೀಳಿ, ಭಾರ ಹೇರಿ, ನೀರು ಬಸಿಯುವುದು ಇದಕ್ಕೇ. ಅಲ್ಲಿ ಶೈಲಿಯನ್ನು ರೂಪಿಸಿದ್ದು ಮೀನಿನ ಮೈಯೊಳಗಿನ ನೀರು ಮತ್ತು ಅದನ್ನು ಕೆಡದಂತೆ ಕಾಯ್ದ ಹೆಂಗಸರ ಕೈ.

ಹೋಲಿಕೆಯ ಯಾತ್ರೆಗೆ ಹೊರಡುವವರು ಜೂನ್, ಜುಲೈ ಆರಿಸಿಕೊಳ್ಳಲಿ ಎಂದು ನನ್ನ ಸೂಚನೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ತಿಂಗಳುಗಳವು. ಹೋಟೆಲಿನ ಕಾರ್ಡು ಆಗಲೂ ಬದಲಾಗುವುದಿಲ್ಲ. ಐಸಿನ ಪೆಟ್ಟಿಗೆಯ ಪಾಂಫ್ರೆಟ್ ಅದೇ ಮಸಾಲೆ ಹಚ್ಚಿಕೊಂಡು ಬರುತ್ತದೆ. ಕೋಳಿವಾಡದ ಮನೆಗಳಲ್ಲಿ ಒಣ ಬೊಂಬಿಲಿಗೆ ಬದನೆಯೋ ಬಟಾಟೆಯೋ ಜೊತೆಯಾಗುತ್ತದೆ. ಕೊಂಕಣಿಗರ ಮನೆಗಳಲ್ಲಿ ಒಣ ಸಿಗಡಿಯ ಸೋಡೆ ಅನ್ನಕ್ಕೆ ಬೀಳುತ್ತದೆ. ಅಂಧೇರಿ, ಕುರ್ಲಾ, ಭಾಂಡೂಪಿನ ತುಳು ಮನೆಗಳಲ್ಲಿ ಕೆಂಡದ ಬದಲು ಗ್ಯಾಸಿನ ಮೇಲೆ ಸುಟ್ಟ ಒಣಮೀನಿಗೆ ಕಾಯಿ, ಮೆಣಸು, ಹುಣಸೆ ಸೇರಿ ಚಟ್ನಿಯಾಗುತ್ತದೆ, ಪಕ್ಕದ ಫ್ಲ್ಯಾಟಿನ ಸಸ್ಯಾಹಾರಿಗಳು ಸೊಸೈಟಿಗೆ ದೂರು ಕೊಡುವ ಭಯದಲ್ಲಿ ಕಿಟಕಿ ಮುಚ್ಚಿಕೊಂಡು. ಇವು ಮೂರನ್ನೂ ಒಂದು ಮೇಜಿನ ಮೇಲೆ ತಂದಿಟ್ಟ ಹೋಟೆಲನ್ನು ನಾನು ಇನ್ನೂ ಕಂಡಿಲ್ಲ. ಸದ್ಯಕ್ಕೆ ಉಣ್ಣಬೇಕೆಂದರೆ ಯಾರಾದರೂ ಮನೆಗೆ ಕರೆಯಬೇಕು.